ಹವಳದ ಉಂಗುರದೊಳಗೆ

ಹವಳವೆಂದೊಡನೆ ನಮ್ಮ ನೆನಪಿಗೆ ಬರುವುದು ಅಜ್ಜಿಯ ಕೊರಳಿನಲ್ಲಿದ್ದ ಕೆಂಪು ಮಣಿಗಳ ಸರ. ನವರತ್ನಗಳಲ್ಲಿ ಒಂದೆಂದು ಎಣಿಕೆಯಾದ ಈ ಮಣಿಯನ್ನು ನಮ್ಮ ಜನ ಮುತ್ತಿನೊಡನೆ ಪೋಣಿಸಿ ಧರಿಸಿದರು. 'ಮುತ್ತು ಹವಳ' ಎಂದು ಜೋಡಿಯಾಗಿಯೇ ಅದನ್ನು ಹೆಸರಿಸಿದರು. ಆದರೆ ಹವಳವು ಭೂಮಿಯಿಂದ ಅಗೆದು ತೆಗೆದ ಕಲ್ಲಲ್ಲ, ಕಡಲಿನಲ್ಲಿ ವಾಸಿಸುವ ಒಂದು ಪ್ರಾಣಿ ಕಟ್ಟಿದ ಮನೆ ಎಂಬುದನ್ನು ನೆನೆಯುವವರು ಕಡಿಮೆ. ಒಡವೆಯ ಕೆಂಪು ಹವಳ ಮುಖ್ಯವಾಗಿ ಮೆಡಿಟರೇನಿಯನ್ ಸಮುದ್ರದ್ದು. ಅದರ ಬಂಧುಗಳಾದ ಬೇರೆ ಕೆಲವು ಹವಳಗಳು ಬೆಚ್ಚನೆಯ ಕಡಲುಗಳಲ್ಲಿ ಮಣಿಯ ಬದಲು ಮಹಾ ಗೋಡೆಗಳನ್ನೇ ಕಟ್ಟುತ್ತವೆ. ಆ ಗೋಡೆಗಳ ಮೇಲೆ ದ್ವೀಪಗಳು ನಿಂತಿವೆ. ದ್ವೀಪಗಳ ಮೇಲೆ ತೆಂಗು ಬೆಳೆದಿದೆ. ತೆಂಗಿನ ನೆರಳಿನಲ್ಲಿ ಮನುಷ್ಯರು ಊರು ಕಟ್ಟಿಕೊಂಡು ಬಾಳುತ್ತಿದ್ದಾರೆ. ಅಂಥ ನೆಲವನ್ನು ನೋಡಲು ನಾವು ದೂರದ ಖಂಡಗಳಿಗೆ ಹೋಗಬೇಕಾಗಿಲ್ಲ. ನಮ್ಮ ಮಂಗಳೂರಿನ ನೈಋತ್ಯಕ್ಕೆ, ಅರಬ್ಬೀ ಸಮುದ್ರದಲ್ಲಿ, ಸುಮಾರು 300 ಕಿಲೋಮೀಟರುಗಳಾಚೆ ಅದು ಇದೆ. ಅದೇ ಲಕ್ಷದ್ವೀಪ.

ಹೆಸರಿನಲ್ಲಿ ಲಕ್ಷವಿದ್ದರೂ ಲೆಕ್ಕಕ್ಕೆ ಸಿಕ್ಕುವ ದ್ವೀಪಗಳು 36 ಮಾತ್ರ. ಅವುಗಳಲ್ಲಿ ಜನವಸತಿಯಿರುವವು ಹತ್ತು. ಎಲ್ಲವನ್ನೂ ಒಟ್ಟುಗೂಡಿಸಿದರೆ ನೆಲದ ವಿಸ್ತೀರ್ಣ 32 ಚದರ ಕಿಲೋಮೀಟರು; ನಮ್ಮ ನಾಡಿನ ಒಂದು ಹೋಬಳಿಯಷ್ಟೂ ಇಲ್ಲ. ಆದರೆ ಈ ದ್ವೀಪಗಳನ್ನು ಆವರಿಸಿದ ತಿಳಿನೀರಿನ ಕೊಳಗಳ ಹರವು ಸುಮಾರು 4,200 ಚದರ ಕಿಲೋಮೀಟರು. ನೆಲಕ್ಕಿಂತ ನೂರು ಪಟ್ಟಿಗೂ ಮಿಗಿಲಾದ ಈ ನೀರೇ ಲಕ್ಷದ್ವೀಪದ ನಿಜವಾದ ಸಂಪತ್ತು. 1956ರ ನವೆಂಬರ್ 1ರಂದು ಈ ದ್ವೀಪಗಳು ಕೇಂದ್ರಾಡಳಿತ ಪ್ರದೇಶವಾದವು. 1973ರಲ್ಲಿ ಅವಕ್ಕೆ ಲಕ್ಷದ್ವೀಪವೆಂಬ ಈಗಿನ ಹೆಸರು ಬಂದಿತು.

ಕನ್ನಡ ನಾಡಿಗೂ ಈ ದ್ವೀಪಗಳಿಗೂ ಹಳೆಯ ನಂಟುಂಟು. ಉತ್ತರ ಭಾಗದ ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಟಿಪ್ಪು ಸುಲ್ತಾನನ ಆಳ್ವಿಕೆಗೆ ಒಳಪಟ್ಟವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವು ಬ್ರಿಟಿಷರ ಕೈ ಸೇರಿ, 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು. ದ್ವೀಪದವರು ಹಾಯಿ ಕಟ್ಟಿದ ಓಡಗಳಲ್ಲಿ ತೆಂಗಿನ ನಾರಿನ ಹುರಿಯನ್ನೂ ಕೊಬ್ಬರಿಯನ್ನೂ ಹೇರಿಕೊಂಡು ಮಂಗಳೂರಿನ ಬಂದರಿಗೆ ಬರುತ್ತಿದ್ದರು. ಮರಳುವಾಗ ಅಕ್ಕಿಯನ್ನು ಒಯ್ಯುತ್ತಿದ್ದರು. ಹವಳದ ನೆಲದಲ್ಲಿ ಬತ್ತ ಬೆಳೆಯುವುದಿಲ್ಲ. ಆದುದರಿಂದ ಮಂಗಳೂರಿನ ಅಕ್ಕಿಯೇ ಅವರ ಅನ್ನವಾಗಿತ್ತು.

ಅಂಥ ವ್ಯಾಪಾರದ ಕಥೆಗಳನ್ನು ಹಿರಿಯರ ಬಾಯಿಂದ ಕೇಳಿ ಬೆಳೆದವರು ಮಂಗಳೂರಿನ ಒಬ್ಬ ಬ್ಯಾಂಕಿನ ನೌಕರರು. ಅವರ ಅಜ್ಜ ಬಂದರಿನಲ್ಲಿ ಹುರಿಹಗ್ಗದ ಅಂಗಡಿ ಇಟ್ಟಿದ್ದರಂತೆ. ಅಜ್ಜ ಹೆಸರಿಸುತ್ತಿದ್ದ ದ್ವೀಪವನ್ನು ಒಮ್ಮೆಯಾದರೂ ಕಣ್ಣಾರೆ ನೋಡಬೇಕೆಂಬುದು ಅವರ ಬಹುದಿನಗಳ ಬಯಕೆ. 2024ರ ಏಪ್ರಿಲ್ ತಿಂಗಳಿನಲ್ಲಿ, ಶಾಲೆಯಲ್ಲಿ ವಿಜ್ಞಾನ ಕಲಿಸುವ ಅವರ ಪತ್ನಿಗೆ ಬೇಸಿಗೆಯ ರಜೆ ಬಂದಾಗ, ದಂಪತಿಗಳಿಬ್ಬರೂ ಪರವಾನಗಿ ಪಡೆದು ಕೊಚ್ಚಿಯಿಂದ ಹಡಗು ಹತ್ತಿದರು. ರಾತ್ರಿಯೆಲ್ಲ ಕಡು ನೀಲಿಯ ಆಳವಾದ ಕಡಲಿನಲ್ಲಿ ಸಾಗಿದ ಹಡಗು ಮರುದಿನ ಕದ್ಮತ್ ದ್ವೀಪದ ಹೊರಗೆ ನಿಂತಿತು. ಒಳಗಿನ ನೀರು ದೊಡ್ಡ ಹಡಗಿಗೆ ಸಾಲುವಷ್ಟು ಆಳವಿಲ್ಲ. ಆದ್ದರಿಂದ ಯಾತ್ರಿಕರು ಸಣ್ಣ ದೋಣಿಗಳಿಗೆ ಇಳಿದು ದಡ ಸೇರಬೇಕು.

ಕದ್ಮತ್ ದ್ವೀಪ ಉತ್ತರ ದಕ್ಷಿಣವಾಗಿ ಸುಮಾರು ಒಂಬತ್ತು ಕಿಲೋಮೀಟರು ಉದ್ದವಾಗಿದೆ. ಅಗಲ ಮಾತ್ರ ಅತಿ ಹೆಚ್ಚೆಂದರೆ ಅರ್ಧ ಕಿಲೋಮೀಟರಿಗಿಂತ ತುಸು ಹೆಚ್ಚು. ಒಂದು ದಡದಲ್ಲಿ ನಿಂತವನಿಗೆ ತೆಂಗಿನ ಮರಗಳ ಸಂದಿನಿಂದ ಇನ್ನೊಂದು ದಡದ ಅಲೆಗಳ ಸದ್ದು ಕೇಳುತ್ತದೆ. ನೆಲ ಸಮುದ್ರಕ್ಕಿಂತ ಕೆಲವೇ ಮೀಟರು ಎತ್ತರ. ಬೆಟ್ಟವಿಲ್ಲ, ಹೊಳೆಯಿಲ್ಲ. ಪಶ್ಚಿಮಕ್ಕೆ ತಿಳಿಹಸಿರಿನ ಶಾಂತವಾದ ನೀರು. ಅದರಾಚೆ ಒಂದು ಬಿಳಿಯ ಗೆರೆ. ಆ ಗೆರೆಯಾಚೆ ಕಡು ನೀಲಿಯ ಸಾಗರ. ಬಿಳಿಯ ಗೆರೆಯೆಂದರೆ ಸಾಗರದ ಅಲೆಗಳು ಹವಳದ ದಿಬ್ಬಕ್ಕೆ ಬಡಿದು ನೊರೆಯಾಗಿ ಒಡೆಯುವ ಜಾಗ. ದಿಬ್ಬದ ಒಳಗಿನ ಈ ಶಾಂತವಾದ ಕೊಳವನ್ನು ಲಗೂನ್ ಎಂದು ಕರೆಯುತ್ತಾರೆ. ಈ ಲಗೂನಿನೊಳಗೆ ತಲೆಯಿಟ್ಟು ನೋಡುವುದಕ್ಕೆಂದೇ ದಂಪತಿಗಳು ಮರುದಿನ ಬೆಳಿಗ್ಗೆ ದಡಕ್ಕೆ ಬಂದರು.

ಅವರಿಗೆ ದಾರಿ ತೋರಲು ದ್ವೀಪದವನೇ ಆದ ಒಬ್ಬ ಯುವಕ ಸಿದ್ಧನಾಗಿದ್ದ. ಅವನು ಇಬ್ಬರಿಗೂ ಮೂರು ಮೂರು ಸಲಕರಣೆಗಳನ್ನು ಕೊಟ್ಟ. ಒಂದು, ಕಣ್ಣು ಮತ್ತು ಮೂಗನ್ನು ಮುಚ್ಚುವ ಗಾಜಿನ ಮುಖವಾಡ. ಎರಡು, ಬಾಯಲ್ಲಿ ಕಚ್ಚಿಕೊಳ್ಳುವ, ಮೇಲ್ಮುಖವಾಗಿ ಬಾಗಿದ ಒಂದು ಕೊಳವೆ. ಮೂರು, ಕಾಲಿಗೆ ತೊಡುವ ರಬ್ಬರಿನ ಈಜುರೆಕ್ಕೆ. ಇವುಗಳ ಜೊತೆಗೆ ತೇಲಲು ನೆರವಾಗುವ ಒಂದು ಅಂಗಿ. ಕೊಳವೆಗೆ ಸ್ನಾರ್ಕೆಲ್ ಎಂದು ಹೆಸರು. ಜಲಾಂತರ್ಗಾಮಿ ಹಡಗು ನೀರೊಳಗಿದ್ದೇ ಗಾಳಿ ಎಳೆದುಕೊಳ್ಳಲು ಬಳಸುತ್ತಿದ್ದ ಕೊಳವೆಗೆ ಜರ್ಮನ್ ಭಾಷೆಯಲ್ಲಿದ್ದ ಹೆಸರೇ ಹೀಗೆ ರೂಪಾಂತರ ಹೊಂದಿತು. ಹೆಸರು ಹೊಸದಾದರೂ ಉಪಾಯ ಹಳೆಯದು. ಎರಡು ಸಾವಿರದ ಮುನ್ನೂರು ವರ್ಷಗಳಿಗೂ ಹಿಂದೆ ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನು ಆನೆಯ ಸೊಂಡಿಲನ್ನು ವರ್ಣಿಸುವಾಗ, ನೀರೊಳಗೆ ಮುಳುಗುವವರು ಮೇಲಿನ ಗಾಳಿಯನ್ನು ಎಳೆದುಕೊಳ್ಳಲು ಬಳಸುವ ಸಾಧನಕ್ಕೆ ಅದನ್ನು ಹೋಲಿಸಿದ್ದಾನೆ. ಸೊಂಡಿಲನ್ನು ಮೇಲೆತ್ತಿ ಹೊಳೆ ದಾಟುವ ಆನೆಯನ್ನು ಕಂಡವರಿಗೆ ಈ ಹೋಲಿಕೆ ಎಷ್ಟು ಸಹಜವೆಂಬುದು ತಿಳಿಯುತ್ತದೆ.

ಬರಿಗಣ್ಣಿನಿಂದ ನೀರೊಳಗೆ ನೋಡಿದರೆ ಎಲ್ಲವೂ ಮಬ್ಬಾಗಿ ಕಾಣುತ್ತದೆ. ಇದಕ್ಕೆ ಕಾರಣ ನೀರಿನ ಕೊಳೆಯಲ್ಲ, ಬೆಳಕಿನ ನಡತೆ. ಗಾಳಿಯಿಂದ ಬಂದ ಬೆಳಕು ಕಣ್ಣಿನ ಹೊರಪೊರೆಯನ್ನು ಹೊಕ್ಕಾಗ ಬಾಗುತ್ತದೆ. ಹಾಗೆ ಬಾಗುವುದರಿಂದಲೇ ಬಿಂಬವು ಒಳಗಿನ ಪರದೆಯ ಮೇಲೆ ಸ್ಪಷ್ಟವಾಗಿ ಮೂಡುತ್ತದೆ. ಆದರೆ ಕಣ್ಣಿನ ಹೊರಪೊರೆಯೂ ನೀರೂ ಬೆಳಕನ್ನು ಬಾಗಿಸುವುದರಲ್ಲಿ ಹೆಚ್ಚುಕಡಿಮೆ ಸಮಾನ. ಆದುದರಿಂದ ನೀರಿನಿಂದ ಬಂದ ಬೆಳಕು ಕಣ್ಣಿನಲ್ಲಿ ಸಾಕಷ್ಟು ಬಾಗದೆ ಬಿಂಬ ಕದಡುತ್ತದೆ. ಮುಖವಾಡವು ಕಣ್ಣಿನ ಮುಂದೆ ಒಂದು ಹಿಡಿ ಗಾಳಿಯನ್ನು ಹಿಡಿದಿಡುತ್ತದೆ. ಕಣ್ಣಿಗೆ ತನ್ನ ಹಳೆಯ ಶಕ್ತಿ ಮರಳುತ್ತದೆ. ಆದರೂ ನೀರು ತನ್ನ ಮಾಯೆಯನ್ನು ಪೂರ್ತಿ ಬಿಡುವುದಿಲ್ಲ. ವಸ್ತುಗಳು ಇರುವುದಕ್ಕಿಂತ ಮೂರನೆಯ ಒಂದು ಪಾಲು ದೊಡ್ಡದಾಗಿ, ನಾಲ್ಕನೆಯ ಒಂದು ಪಾಲು ಹತ್ತಿರವಾಗಿ ಕಾಣುತ್ತವೆ. ಕೈಯಳತೆಯಲ್ಲಿದೆಯೆಂದು ಮುಟ್ಟಹೋದ ಚಿಪ್ಪು ಕೈಗೆ ಸಿಕ್ಕದೆ ಹೋಗುವುದು ಇದರಿಂದಲೇ.

ಇನ್ನು ಕೊಳವೆಯ ವಿಚಾರ. ಅದರ ಉದ್ದ 30ರಿಂದ 40 ಸೆಂಟಿಮೀಟರು. ಒಂದು ಮಾರು ಉದ್ದದ ಕೊಳವೆಯನ್ನು ಹಿಡಿದು ಇನ್ನೂ ಆಳಕ್ಕೆ ಇಳಿಯಬಾರದೇಕೆ ಎಂದು ಯಾರಾದರೂ ಕೇಳಬಹುದು. ದಂಪತಿಗಳಲ್ಲಿ ಪತಿಯೂ ಹಾಗೆಯೇ ಕೇಳಿದರು. ಉತ್ತರವನ್ನು ಪತ್ನಿಯೇ ವಿವರಿಸಿದರು. ಒಂದು ಮೀಟರು ಆಳದಲ್ಲಿ ನೀರು ದೇಹದ ಒಂದೊಂದು ಚದರ ಸೆಂಟಿಮೀಟರಿನ ಮೇಲೂ ನೂರು ಗ್ರಾಮಿನಷ್ಟು ಹೆಚ್ಚಿನ ಭಾರವನ್ನು ಹೇರುತ್ತದೆ. ಎದೆಯಗಲದ ಮೇಲೆ ಒಟ್ಟು ಲೆಕ್ಕ ಹಾಕಿದರೆ ಅದು ಹತ್ತಾರು ಕಿಲೋಗ್ರಾಮುಗಳಾಗುತ್ತದೆ. ಕೊಳವೆಯಲ್ಲಿರುವ ಗಾಳಿಗಾದರೋ ಆ ಒತ್ತಡವಿಲ್ಲ. ಅಷ್ಟು ಭಾರವನ್ನು ಎತ್ತಿ ಎದೆಯನ್ನು ಹಿಗ್ಗಿಸಿ ಉಸಿರೆಳೆಯುವ ಬಲ ಮನುಷ್ಯನ ಸ್ನಾಯುಗಳಿಗಿಲ್ಲ. ಅಲ್ಲದೆ ಉದ್ದನೆಯ ಕೊಳವೆಯಲ್ಲಿ ಬಿಟ್ಟ ಉಸಿರೇ ಉಳಿದುಕೊಂಡು, ಮತ್ತೆ ಮತ್ತೆ ಅದನ್ನೇ ಎಳೆದುಕೊಳ್ಳಬೇಕಾಗುತ್ತದೆ. ಅಶುದ್ಧವಾಯುವಿನಿಂದ ತಲೆ ಸುತ್ತಿ ಪ್ರಾಣಕ್ಕೇ ಸಂಚಕಾರ ಬರಬಹುದು. ಹೀಗೆ ಕೊಳವೆ ಗಿಡ್ಡವಾಗಿರುವುದು ಕೊರತೆಯಲ್ಲ, ಕಾವಲು.

ವಿವರಣೆ ಕೊಡುವುದು ಸುಲಭ. ನೀರಿಗೆ ಮುಖವಿಡುವುದು ಕಷ್ಟ. ಸೊಂಟದುದ್ದದ ನೀರಿನಲ್ಲಿ ನಿಂತು ಪತ್ನಿ ಮೊದಲ ಸಲ ಮುಖ ಮುಳುಗಿಸಿದಾಗ ಉಸಿರು ತಾನಾಗಿಯೇ ನಿಂತುಬಿಟ್ಟಿತು. ನೀರೊಳಗೆ ಉಸಿರಾಡಬಾರದೆಂದು ದೇಹವು ಹುಟ್ಟಿನಿಂದ ಕಲಿತ ಪಾಠವನ್ನು ಒಂದು ಕೊಳವೆಯ ಭರವಸೆಯ ಮೇಲೆ ಮರೆಯುವುದು ಹೇಗೆ? ಅವರು ಎರಡು ಬಾರಿ ತಲೆಯೆತ್ತಿ ಕೆಮ್ಮಿದರು. "ನಾನು ದಡದಲ್ಲೇ ಕೂತಿರುತ್ತೇನೆ, ನೀವು ಹೋಗಿ ಬನ್ನಿ" ಎಂದರು. "ನೀನು ಬಾರದಿದ್ದರೆ ನಾನೂ ಹೋಗುವುದಿಲ್ಲ" ಎಂದರು ಪತಿ. ಅದು ಕೇವಲ ಪ್ರೀತಿಯ ಮಾತಾಗಿರಲಿಲ್ಲ. ಒಂಟಿಯಾಗಿ ಯಾರೂ ಈಜಬಾರದು, ಇಬ್ಬರು ಒಬ್ಬರನ್ನೊಬ್ಬರು ಗಮನಿಸುತ್ತ ಜೊತೆಯಾಗಿಯೇ ಇರಬೇಕು ಎಂಬುದು ಈ ಜಲವಿಹಾರದ ಮೊದಲ ನಿಯಮವೂ ಹೌದು. ಯುವಕನು ನಿಧಾನವಾಗಿ ಹತ್ತರವರೆಗೆ ಎಣಿಸುತ್ತ ಉಸಿರೆಳೆದು ಬಿಡುವಂತೆ ಹೇಳಿದ. ನಾಲ್ಕನೆಯ ಪ್ರಯತ್ನದಲ್ಲಿ ಭಯ ಸಡಿಲವಾಯಿತು. ಕೊಳವೆಯಲ್ಲಿ ಹೋಗಿ ಬರುವ ಸ್ವಂತ ಉಸಿರಿನ ಸದ್ದನ್ನು ಕೇಳುತ್ತ ಅವರು ನೀರಿನ ಮೇಲೆ ಬೋರಲಾಗಿ ತೇಲತೊಡಗಿದರು.

ಮೊದಲು ಕಂಡದ್ದು ಬರಿಯ ಬಿಳಿಯ ಮರಳು. ಅದರ ಮೇಲೆ ಬಿಸಿಲಿನ ಬಲೆ ಅಲುಗಾಡುತ್ತಿತ್ತು. ಅಲ್ಲಲ್ಲಿ ಕಡಲ ಸೌತೆಗಳು ಬಿದ್ದುಕೊಂಡಿದ್ದವು. ಜಡವಾದ ಕೊರಡಿನಂತೆ ಕಾಣುವ ಈ ಪ್ರಾಣಿ ಮರಳನ್ನು ನುಂಗಿ, ಅದರಲ್ಲಿರುವ ಕಸವನ್ನು ಆಹಾರವಾಗಿ ಉಳಿಸಿಕೊಂಡು, ಶುಭ್ರವಾದ ಮರಳನ್ನು ಹೊರಹಾಕುತ್ತದೆ. ಎರೆಹುಳು ಹೊಲದಲ್ಲಿ ಮಾಡುವ ಕೆಲಸವನ್ನು ಅದು ಕಡಲಿನ ತಳದಲ್ಲಿ ಮಾಡುತ್ತದೆ. ಮುಂದೆ ಒಂದು ಹಸಿರು ಕಡಲಾಮೆ ಯಾವ ಅವಸರವೂ ಇಲ್ಲದೆ ಹಾದುಹೋಯಿತು. ಕಡಲಾಮೆಗಳು ಲಗೂನಿನ ತಳದಲ್ಲಿ ಬೆಳೆಯುವ ಹುಲ್ಲನ್ನು ಮೇಯುತ್ತವೆ. ಲಕ್ಷದ್ವೀಪದ ಕೆಲವು ಲಗೂನುಗಳಲ್ಲಿ ಅವುಗಳ ಸಂಖ್ಯೆ ಹೆಚ್ಚಿ ಹುಲ್ಲುಗಾವಲೇ ಬರಿದಾದುದೂ ಉಂಟು. ಅತಿಯಾದರೆ ಅಮೃತವೂ ವಿಷವೆಂಬ ಮಾತು ಕಡಲಿಗೂ ಸಲ್ಲುತ್ತದೆ.

ಮರಳು ಮುಗಿದಲ್ಲಿ ಹವಳದ ತೋಟ ಪ್ರಾರಂಭವಾಯಿತು. ಜಿಂಕೆಯ ಕೊಂಬಿನಂತೆ ಕವಲೊಡೆದವು ಕೆಲವು. ಮೇಜಿನಂತೆ ಹರಡಿದವು ಕೆಲವು. ದೊಡ್ಡ ಬಂಡೆಯಂತೆ ಗುಂಡಗಿರುವವು ಇನ್ನು ಕೆಲವು. ಇವೆಲ್ಲವನ್ನೂ ಕಟ್ಟಿದ ಶಿಲ್ಪಿಗೆ ಪಾಲಿಪ್ ಎಂದು ಹೆಸರು. ಅದು ಸಾಮಾನ್ಯವಾಗಿ ಕೆಲವೇ ಮಿಲಿಮೀಟರು ಅಗಲದ ಮೃದುವಾದ ಪ್ರಾಣಿ. ಒಂದು ಚೀಲದಂಥ ಹೊಟ್ಟೆ, ಅದಕ್ಕೊಂದು ಬಾಯಿ, ಬಾಯಿಯ ಸುತ್ತ ಎಸಳಿನಂಥ ತೋಳುಗಳು. ಇಷ್ಟೇ ಅದರ ದೇಹ. ಅದು ಕಡಲನೀರಿನಲ್ಲಿ ಕರಗಿರುವ ಸುಣ್ಣದ ಅಂಶವನ್ನು ಸೆಳೆದುಕೊಂಡು ತನ್ನ ಕೆಳಗೆ ಒಂದು ಗಟ್ಟಿಯಾದ ಬಟ್ಟಲನ್ನು ಕಟ್ಟಿಕೊಳ್ಳುತ್ತದೆ. ಒಂದು ಪಾಲಿಪ್ ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಹಳೆಯ ಬಟ್ಟಲಿನ ಮೇಲೆ ಹೊಸ ಬಟ್ಟಲು ಏರುತ್ತದೆ. ಹೀಗೆ ಸಾವಿರಾರು ವರ್ಷಗಳ ಕಾಲ ಕೋಟಿ ಕೋಟಿ ಜೀವಗಳು ಕಟ್ಟಿದ ಸುಣ್ಣದ ರಾಶಿಯೇ ಹವಳದ ದಿಬ್ಬ. ಮೇಲಿನ ತೆಳುವಾದ ಪದರ ಮಾತ್ರ ಜೀವಂತ. ಕೆಳಗಿನದೆಲ್ಲ ಪೂರ್ವಿಕರ ಮನೆ.

ಆದರೆ ಈ ಶಿಲ್ಪಿಯು ಒಂಟಿಯಾಗಿ ದುಡಿಯುವುದಿಲ್ಲ. ಅದರ ಮೈಯೊಳಗೆ ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಪಾಚಿಗಳು ವಾಸಿಸುತ್ತವೆ. ಪಾಚಿಯು ಸೂರ್ಯನ ಬೆಳಕಿನಿಂದ ಆಹಾರವನ್ನು ತಯಾರಿಸಿ ಅದರ ಬಹುಭಾಗವನ್ನು ಹವಳಕ್ಕೆ ಕೊಡುತ್ತದೆ. ಹವಳವು ಪಾಚಿಗೆ ಆಶ್ರಯವನ್ನೂ, ಅದಕ್ಕೆ ಬೇಕಾದ ಇಂಗಾಲಾಮ್ಲ ಮೊದಲಾದವುಗಳನ್ನೂ ಒದಗಿಸುತ್ತದೆ. ಹವಳದ ಕಂದು, ಹಸಿರು ಛಾಯೆಗಳು ಬಹುಮಟ್ಟಿಗೆ ಈ ಬಾಡಿಗೆದಾರನ ಕೊಡುಗೆ. ದಿಬ್ಬ ಕಟ್ಟುವ ಹವಳಗಳು ಬೆಳಕು ತಲುಪುವ ಆಳವಿಲ್ಲದ ತಿಳಿನೀರನ್ನೇ ಏಕೆ ಬಯಸುತ್ತವೆ ಎಂಬುದು ಇದರಿಂದ ತಿಳಿಯುತ್ತದೆ. ನೇತ್ರಾವತಿ, ಶರಾವತಿ, ಕಾಳಿ ಮೊದಲಾದ ನದಿಗಳು ಮಳೆಗಾಲದಲ್ಲಿ ಮಣ್ಣನ್ನೂ ಸಿಹಿನೀರನ್ನೂ ತಂದು ಸುರಿಯುವ ನಮ್ಮ ಕರಾವಳಿಯಲ್ಲಿ ಇಂಥ ದಿಬ್ಬಗಳು ಬೆಳೆಯದಿರುವುದಕ್ಕೂ ಇದೇ ಕಾರಣ. ಆದರೂ ಮುರ್ಡೇಶ್ವರದಾಚೆ ಕಡಲಿನಲ್ಲಿರುವ ನೇತ್ರಾಣಿ ದ್ವೀಪದ ಬುಡದಲ್ಲಿ ಹವಳಗಳೂ ಬಣ್ಣಬಣ್ಣದ ಮೀನುಗಳೂ ಇವೆ.

ಹವಳದ ತೋಟವೆಂದರೆ ಒಂದು ಜನನಿಬಿಡವಾದ ಪಟ್ಟಣ. ಭೂಮಿಯ ಸಾಗರತಳದಲ್ಲಿ ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆ ಜಾಗವನ್ನು ಆಕ್ರಮಿಸಿರುವ ಈ ದಿಬ್ಬಗಳು ಕಡಲ ಜೀವಿಗಳ ಬಗೆಗಳಲ್ಲಿ ಸುಮಾರು ಕಾಲುಭಾಗಕ್ಕೆ ಒಂದಿಲ್ಲೊಂದು ಕಾಲದಲ್ಲಿ ಆಶ್ರಯವೀಯುತ್ತವೆ. ದಂಪತಿಗಳ ಕೆಳಗೆ ಗಿಳಿಮೀನೊಂದು ತನ್ನ ಕೊಕ್ಕಿನಂಥ ಹಲ್ಲುಗಳಿಂದ ಕಲ್ಲನ್ನು ಕೆರೆಯುತ್ತಿದ್ದ ಸದ್ದು ಕರಕರನೆ ಕೇಳುತ್ತಿತ್ತು. ಅದು ಕಲ್ಲಿನ ಮೇಲಿನ ಪಾಚಿಯನ್ನು ತಿಂದು, ಜೊತೆಗೆ ಬಂದ ಸುಣ್ಣವನ್ನು ಅರೆದು, ನುಣುಪಾದ ಮರಳಾಗಿ ಹೊರಹಾಕುತ್ತದೆ. ದೊಡ್ಡ ಗಿಳಿಮೀನು ವರ್ಷಕ್ಕೆ ನೂರಾರು ಕಿಲೋಗ್ರಾಮು ಮರಳನ್ನು ತಯಾರಿಸಬಲ್ಲದು. ದಡದಲ್ಲಿ ಯಾತ್ರಿಕರು ಮೆಚ್ಚಿ ನಡೆದಾಡುವ ಬಿಳಿಯ ಮರಳಿನಲ್ಲಿ ಬಹುಪಾಲು ಹೀಗೆ ಒಂದು ಮೀನಿನ ಹೊಟ್ಟೆಯನ್ನು ಹಾದುಬಂದದ್ದಾಗಿರಬಹುದು! ಇನ್ನೊಂದೆಡೆ ಸಣ್ಣ ಮೀನೊಂದು ದೊಡ್ಡ ಮೀನಿನ ಬಾಯೊಳಗೇ ಹೊಕ್ಕು ಹಲ್ಲಿನ ಸಂದಿಯ ಕೊಳೆಯನ್ನು ಹೆಕ್ಕುತ್ತಿತ್ತು. ದೊಡ್ಡದು ಬಾಯಿ ತೆರೆದು ಸುಮ್ಮನೆ ನಿಂತಿತ್ತು. ಒಂದಕ್ಕೆ ಊಟ, ಮತ್ತೊಂದಕ್ಕೆ ಆರೋಗ್ಯ. ಹೂವಿನಂತೆ ಕಾಣುವ ಅನಿಮೋನಿ ಎಂಬ ಪ್ರಾಣಿಯ ಕುಟುಕುವ ತೋಳುಗಳ ನಡುವೆ ಕೋಡಂಗಿ ಮೀನುಗಳ ಸಂಸಾರ ನೆಮ್ಮದಿಯಾಗಿತ್ತು. ಆ ಸಂಸಾರದಲ್ಲಿ ದೊಡ್ಡದು ಹೆಣ್ಣು, ಅವಳೇ ಯಜಮಾನಿ. ಅವಳು ಸತ್ತರೆ ಅವಳ ಗಂಡೇ ಕ್ರಮೇಣ ಹೆಣ್ಣಾಗಿ ಮಾರ್ಪಡುತ್ತದೆ.

ಹೆಚ್ಚು ಮನ ಸೆಳೆದದ್ದು ಹಳದಿ ಬಣ್ಣದ ಎರಡು ಚಿಟ್ಟೆಮೀನುಗಳು. ಚಿಟ್ಟೆಮೀನುಗಳಲ್ಲಿ ಹಲವು ಬಗೆಗಳು ಜೋಡಿಯಾಗಿಯೇ ಬಾಳುತ್ತವೆ. ವರ್ಷಗಳ ಕಾಲ ಒಂದೇ ಜೊತೆಗಾರನೊಡನೆ ಒಂದೇ ಎಡೆಯನ್ನು ಕಾಯ್ದುಕೊಳ್ಳುತ್ತವೆ. ಅವು ಹವಳದ ಒಂದು ಕೊಂಬೆಯಿಂದ ಇನ್ನೊಂದಕ್ಕೆ, ಒಂದು ಮುಂದಾದರೆ ಮತ್ತೊಂದು ಹಿಂದಾಗಿ, ಬೇರ್ಪಡದೆ ಸುತ್ತುತ್ತಿದ್ದುವು. ಪತ್ನಿ ಪತಿಯ ಮೊಣಕೈ ಮುಟ್ಟಿ ಅವನ್ನು ತೋರಿಸಿದರು. ಬೆಳಿಗ್ಗೆ ಹೆದರಿ ಹಿಂಜರಿದವರು ಈಗ ಮುಂದೆ ಮುಂದೆ ಸಾಗುತ್ತಿದ್ದರು.

ಆಗ ಒಂದು ಸಣ್ಣ ಪ್ರಮಾದ ಜರುಗಿತು. ಪತಿಯ ಮುಖವಾಡದೊಳಗೆ ನೀರು ಹೊಕ್ಕಿತು. ಅದನ್ನು ಬಸಿಯಲೆಂದು ಅವರು ಕೆಳಗಿನ ಗುಂಡಾದ ಹವಳದ ಮೇಲೆ ಕಾಲೂರಿ ನಿಲ್ಲಹೋದರು. ಯುವಕ ಕೂಡಲೇ ಅವರ ತೋಳನ್ನು ಹಿಡಿದು ಮೇಲಕ್ಕೆ ಎಳೆದ. "ಕಾಲಿಡಬೇಡಿ ಸಾರ್, ಅದು ಕಲ್ಲಲ್ಲ, ಜೀವ" ಎಂದು ಮಲಯಾಳದಲ್ಲಿ ಹೇಳಿದ. ಅವನ ದನಿಯಲ್ಲಿ ಗದರಿಕೆಯಿರಲಿಲ್ಲ, ಆತಂಕವಿತ್ತು. ಅಂಥ ಗುಂಡಾದ ಹವಳ ವರ್ಷಕ್ಕೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರು. ಆಳೆತ್ತರದ ಹವಳಕ್ಕೆ ಶತಮಾನಕ್ಕೂ ಹೆಚ್ಚು ವಯಸ್ಸಾಗಿರುತ್ತದೆ. ಅಂದರೆ ಅಜ್ಜನ ಕಾಲದ ಓಡಗಳು ಮಂಗಳೂರಿಗೆ ಹೊರಟಾಗಲೇ ಅದು ಅಲ್ಲಿತ್ತು. ಮನುಷ್ಯನ ಒಂದು ಹೆಜ್ಜೆ ಅದರ ಮೇಲ್ಪದರದ ಜೀವವನ್ನು ಜಜ್ಜಿ ಹಾಕಬಲ್ಲದು. ಕೊಂಬಿನಂಥ ಹವಳಗಳು ಬೇಗ ಬೆಳೆಯುತ್ತವೆಯಾದರೂ ಈಜುರೆಕ್ಕೆಯ ಒಂದು ಒದೆತಕ್ಕೆ ಮುರಿದುಬೀಳುತ್ತವೆ. ಹವಳವನ್ನು ಕಿತ್ತೊಯ್ಯುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ನಿಷೇಧಿಸಿದೆ. ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ ಇದೆ. ಪತಿ ಸಂಕೋಚದಿಂದ ತಲೆಬಾಗಿ, ಯುವಕ ತೋರಿಸಿದಂತೆ ತೇಲುತ್ತಲೇ ಮುಖವಾಡದ ನೀರನ್ನು ಬಸಿದರು.

ದಿಬ್ಬದ ಅಂಚಿನ ಕಡೆಗೆ ಸಾಗಿದಂತೆ ನೋಟ ಬದಲಾಯಿತು. ಅಲ್ಲಿನ ಹವಳಗಳು ಹಿಮದಂತೆ ಅಚ್ಚ ಬಿಳುಪಾಗಿದ್ದವು. ನೀಲಿ ನೀರಿನ ನಡುವೆ ಆ ಬಿಳಿಯ ಕೊಂಬೆಗಳನ್ನು ಕಂಡು ಪತ್ನಿ ತಲೆಯೆತ್ತಿ, "ಎಷ್ಟು ಚೆನ್ನಾಗಿದೆ!" ಎಂದರು. ಯುವಕ ತಲೆಯಾಡಿಸಿದ. ಅದು ಚೆಲುವಲ್ಲ, ಹಸಿವು ಎಂದು ಅವನು ಹೇಳಿದ.

ಕಡಲಿನ ನೀರು ಬೇಸಿಗೆಯ ವಾಡಿಕೆಯ ಗರಿಷ್ಠ ಉಷ್ಣತೆಗಿಂತ ಒಂದು ಡಿಗ್ರಿಯಷ್ಟು ಏರಿ ಕೆಲವು ವಾರಗಳ ಕಾಲ ಹಾಗೆಯೇ ನಿಂತರೂ ಸಾಕು, ಹವಳ ಮತ್ತು ಪಾಚಿಗಳ ನಂಟು ಕೆಡುತ್ತದೆ. ಬಿಸಿಗೆ ಸಿಕ್ಕ ಪಾಚಿಯು ಹವಳಕ್ಕೆ ಹಾನಿಕರವಾದ ವಸ್ತುಗಳನ್ನು ಉತ್ಪಾದಿಸತೊಡಗುತ್ತದೆ. ಹವಳವು ಅದನ್ನು ಹೊರದೂಡುತ್ತದೆ. ಬಣ್ಣ ಹೋದ ಮೈಯ ಮೂಲಕ ಒಳಗಿನ ಬಿಳಿಯ ಸುಣ್ಣ ಕಾಣಿಸುತ್ತದೆ. ಹವಳ ಆಗಲೇ ಸತ್ತಿರುವುದಿಲ್ಲ. ಆದರೆ ಅನ್ನದಾತನನ್ನು ಕಳೆದುಕೊಂಡ ಅದು ಉಪವಾಸ ಬಿದ್ದಿರುತ್ತದೆ. ನೀರು ಬೇಗ ತಣ್ಣಗಾದರೆ ಪಾಚಿ ಮರಳಿ ಬಂದು ಅದು ಬದುಕಿಕೊಳ್ಳಬಹುದು, ಇಲ್ಲವಾದರೆ ಸಾಯುತ್ತದೆ. ಲಕ್ಷದ್ವೀಪವು 1998ರಲ್ಲಿ, 2010ರಲ್ಲಿ, 2016ರಲ್ಲಿ ಇಂಥ ಆಪತ್ತನ್ನು ಕಂಡಿತ್ತು. 2023ರ ಅಕ್ಟೋಬರ್ ಕೊನೆಯಿಂದ ಮತ್ತೆ ಅಲ್ಲಿನ ಕಡಲು ವಾಡಿಕೆಗಿಂತ ಬಿಸಿಯಾಗಿತ್ತು. 2024ರ ಬೇಸಿಗೆಯಲ್ಲಿ ಹವಳಗಳು ವ್ಯಾಪಕವಾಗಿ ಬಿಳುಪೇರಿದವು. ದಂಪತಿಗಳು ಕಂಡದ್ದು ಅದನ್ನೇ. ಹಿಂದೆ ಒಂದು ಪೆಟ್ಟಿನಿಂದ ಚೇತರಿಸಿಕೊಳ್ಳಲು ದಿಬ್ಬಕ್ಕೆ ಹತ್ತಾರು ವರ್ಷ ಬಿಡುವಿರುತ್ತಿತ್ತು. ಈಗ ಗಾಯ ಮಾಯುವ ಮೊದಲೇ ಮತ್ತೊಂದು ಪೆಟ್ಟು ಬೀಳುತ್ತಿದೆ.

ಈ ಬಿಸಿ ಎಲ್ಲಿಂದ ಬಂದಿತು? ಕಲ್ಲಿದ್ದಲನ್ನೂ ಎಣ್ಣೆಯನ್ನೂ ಉರಿಸಿ ಮನುಷ್ಯನು ಗಾಳಿಗೆ ಸೇರಿಸುವ ಇಂಗಾಲಾಮ್ಲವು ಭೂಮಿಯ ಶಾಖವನ್ನು ಹೊರಹೋಗಗೊಡದೆ ತಡೆಯುತ್ತದೆ. ಹೀಗೆ ಸಿಕ್ಕಿಬಿದ್ದ ಹೆಚ್ಚಿನ ಶಾಖದಲ್ಲಿ ನೂರಕ್ಕೆ ತೊಂಬತ್ತು ಪಾಲಿಗೂ ಮಿಕ್ಕಿ ಹೀರಿಕೊಳ್ಳುವುದು ಸಾಗರವೇ. ಅದೇ ಅನಿಲವು ನೀರಿನಲ್ಲಿ ಕರಗಿ ಅದರ ಆಮ್ಲತೆಯನ್ನು ಹೆಚ್ಚಿಸುವುದರಿಂದ ಹವಳಕ್ಕೆ ಸುಣ್ಣ ಕಟ್ಟುವುದೂ ಕಷ್ಟವಾಗುತ್ತದೆ. ದ್ವೀಪದವನು ಉರಿಸಿದ ಒಲೆ ಎಷ್ಟು? ದೂರದ ನಗರಗಳು ಉರಿಸಿದ ಬೆಂಕಿಯ ಬೇಗೆ ಅವನ ಅಂಗಳದ ಕೊಳವನ್ನು ಕಾಯಿಸುತ್ತಿದೆ.

ಹವಳ ಸತ್ತರೆ ದ್ವೀಪಕ್ಕೇನು ನಷ್ಟ ಎಂಬುದನ್ನು ತಿಳಿಯಲು ದ್ವೀಪ ಹುಟ್ಟಿದ ಬಗೆಯನ್ನು ಅರಿಯಬೇಕು. 1836ರಲ್ಲಿ ಬೀಗಲ್ ಹಡಗಿನಲ್ಲಿ ಸಂಚರಿಸುತ್ತ ಹಿಂದೂ ಮಹಾಸಾಗರದ ಕೀಲಿಂಗ್ ದ್ವೀಪಗಳಿಗೆ ಬಂದ ಚಾರ್ಲ್ಸ್ ಡಾರ್ವಿನನು ಈ ಉಂಗುರಾಕಾರದ ದಿಬ್ಬಗಳನ್ನು ಕುರಿತು ಆಳವಾಗಿ ಚಿಂತಿಸಿದನು. 1842ರಲ್ಲಿ ತನ್ನ ವಾದವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದನು. ಮೊದಲು ಸಾಗರದ ನಡುವೆ ಒಂದು ಅಗ್ನಿಪರ್ವತ ತಲೆಯೆತ್ತುತ್ತದೆ; ಅದರ ದಡದ ಸುತ್ತ ಹವಳ ಬೆಳೆಯುತ್ತದೆ; ಪರ್ವತವು ಮೆಲ್ಲಮೆಲ್ಲನೆ ಕುಸಿಯುತ್ತ ಹೋದಂತೆ ಹವಳವು ಬೆಳಕಿಗಾಗಿ ಮೇಲ್ಮೇಲಕ್ಕೆ ಬೆಳೆಯುತ್ತ ಬರುತ್ತದೆ; ಕಡೆಗೆ ಪರ್ವತ ಮುಳುಗಿ ಹವಳದ ಉಂಗುರ ಮಾತ್ರ ಉಳಿಯುತ್ತದೆ. ಇದು ಅವನ ವಾದ. ಅದು ಸಿದ್ಧಪಡಲು ನೂರ ಹತ್ತು ವರ್ಷ ಬೇಕಾಯಿತು. 1952ರಲ್ಲಿ ಪೆಸಿಫಿಕ್ ಸಾಗರದ ಎನಿವೆಟಾಕ್ ಎಂಬಲ್ಲಿ ಕೊರೆದಾಗ, 1,200 ಮೀಟರಿಗೂ ಹೆಚ್ಚು ದಪ್ಪದ ಸುಣ್ಣದ ಕೆಳಗೆ ಅಗ್ನಿಪರ್ವತದ ಕಪ್ಪು ಶಿಲೆ ದೊರಕಿತು. ಇಂಥ ಉಂಗುರಗಳಿಗೆ ಅಟಾಲ್ ಎಂದು ಹೆಸರು. ಲಕ್ಷದ್ವೀಪದ ನೆರೆಯ ಮಾಲ್ಡೀವ್ಸಿನ ಭಾಷೆ ಲೋಕಕ್ಕೆ ಕೊಟ್ಟ ಮಾತು ಇದು.

ಆದುದರಿಂದ ದ್ವೀಪದಲ್ಲಿ ನೆಲವೆಂಬುದು ಹವಳದ ಪುಡಿಯಲ್ಲದೆ ಬೇರಲ್ಲ. ಸಾಗರದ ಅಲೆಗಳ ಆರ್ಭಟವನ್ನು ತಡೆಯುವ ಕೋಟೆಯೂ ಹವಳದ್ದೇ. ಕೋಟೆ ಶಿಥಿಲವಾದರೆ ಅಲೆಗಳು ನೇರವಾಗಿ ದಡವನ್ನು ಕೊರೆಯುತ್ತವೆ. ಮಳೆಯ ಸಿಹಿನೀರು ಹವಳದ ಮರಳಿನೊಳಗೆ ಇಳಿದು, ಉಪ್ಪುನೀರಿಗಿಂತ ಹಗುರವಾದ ಕಾರಣ ಅದರ ಮೇಲೆ ತೆಳುವಾದ ಮಸೂರದಂತೆ ತೇಲುತ್ತಿರುತ್ತದೆ. ದ್ವೀಪದ ಬಾವಿಗಳಿಗೆ ಅದೇ ಆಧಾರ. ಕಡಲು ಒಳನುಗ್ಗಿದರೆ ಬಾವಿ ಉಪ್ಪಾಗುತ್ತದೆ. ಇಲ್ಲಿನ ಬೆಸ್ತರು ಟ್ಯೂನಾ ಮೀನನ್ನು ಬಲೆಯಿಂದಲ್ಲ, ಗಳುವಿಗೆ ಕಟ್ಟಿದ ಗಾಳದಿಂದ ಒಂದೊಂದಾಗಿ ಹಿಡಿಯುತ್ತಾರೆ. ಅದಕ್ಕೆ ಎರಚುವ ಜೀವಂತ ಎರೆಮೀನು ದೊರೆಯುವುದು ಈ ಲಗೂನಿನಲ್ಲಿಯೇ. ಹೀಗೆ ನೆಲ, ನೀರು, ಅನ್ನ ಮೂರೂ ಒಂದು ಪುಟ್ಟ ಪಾಲಿಪಿನ ಬೆನ್ನ ಮೇಲೆ ನಿಂತಿವೆ. 2011ರ ಜನಗಣತಿಯಂತೆ ಸುಮಾರು 64,000 ಜನರ ಬಾಳು ಅದನ್ನು ನಂಬಿದೆ.

ದಂಪತಿಗಳು ದಡಕ್ಕೆ ಮರಳುವ ಮುನ್ನ ಬಿಳಿಯ ಹವಳಗಳ ಮೇಲೆ ಮತ್ತೊಂದು ಜೋಡಿ ಚಿಟ್ಟೆಮೀನುಗಳನ್ನು ಕಂಡರು. ಅವು ಒಂದು ಕೊಂಬೆಯನ್ನು ಕುಕ್ಕಿ, ಬಿಟ್ಟು, ಮತ್ತೊಂದಕ್ಕೆ ಹೋಗುತ್ತಿದ್ದವು. ಚಿಟ್ಟೆಮೀನುಗಳಲ್ಲಿ ಕೆಲವಕ್ಕೆ ಜೀವಂತ ಹವಳವೇ ಆಹಾರ. ಹವಳ ಸತ್ತರೆ ಅವುಗಳಿಗೆ ಬೇರೆ ಗತಿಯಿಲ್ಲ. ಪತ್ನಿ ಅವನ್ನು ಬಹಳ ಹೊತ್ತು ನೋಡುತ್ತ ತೇಲಿದರು. ಯುವಕ ಸನ್ನೆ ಮಾಡಿ ಕರೆದ ಮೇಲೆಯೇ ಹಿಂದಿರುಗಿದರು.

ಸಂಜೆ ಇಬ್ಬರೂ ತೆಂಗಿನ ಮರದ ಬುಡದಲ್ಲಿ ಕುಳಿತಿದ್ದರು. ಪತಿಯ ಕೈಯಲ್ಲಿ ದಡದಲ್ಲಿ ಸಿಕ್ಕಿದ ಒಂದು ಬಿಳಿಯ ಹವಳದ ಚೂರಿತ್ತು. "ಅಜ್ಜನ ಅಂಗಡಿಯ ನೆನಪಿಗೆ ಇದೊಂದನ್ನು ಮನೆಗೆ ಒಯ್ಯೋಣವೆಂದುಕೊಂಡಿದ್ದೆ" ಎಂದರು. ಪತ್ನಿ ಏನೂ ಹೇಳಲಿಲ್ಲ. ಅವರೇ ಸ್ವಲ್ಪ ಹೊತ್ತಿನ ಮೇಲೆ ಎದ್ದು ಹೋಗಿ ಆ ಚೂರನ್ನು ನೀರಿನಂಚಿನಲ್ಲಿ ಇಟ್ಟುಬಂದರು. ಅದು ಮುಂದೆ ಅರೆದು ಮರಳಾಗಿ ದ್ವೀಪದ ನೆಲಕ್ಕೇ ಸೇರಬೇಕಾದುದು.

ನೋಡುವುದು ಮನುಷ್ಯನಿಗೆ ದೊರೆತ ದೊಡ್ಡ ಭಾಗ್ಯ. ಒಂದು ಗಾಜಿನ ಮುಖವಾಡ, ಒಂದು ಗೇಣುದ್ದಕ್ಕೆ ತುಸು ಮಿಕ್ಕ ಕೊಳವೆ ಸಾಕು, ಕಡಲು ತನ್ನ ಬಾಗಿಲನ್ನು ತೆರೆಯುತ್ತದೆ. ಆದರೆ ಅತಿಥಿಯಾಗಿ ಹೋದವನು ಅತಿಥಿಯಂತೆಯೇ ನಡೆದುಕೊಳ್ಳಬೇಕು: ಮುಟ್ಟದೆ, ಮುರಿಯದೆ, ಏನನ್ನೂ ಹೊತ್ತು ತಾರದೆ. ಅಷ್ಟರಿಂದಲೇ ಋಣ ತೀರುವುದಿಲ್ಲ. ಕಡಲನ್ನು ಎಂದೂ ಕಾಣದ ಊರುಗಳಲ್ಲಿ ನಾವು ಹೊತ್ತಿಸುವ ದೀಪಕ್ಕೂ ಓಡಿಸುವ ಬಂಡಿಗೂ ಆ ಹವಳದ ತೋಟಕ್ಕೂ ಸಂಬಂಧವುಂಟು. ಆ ಸಂಬಂಧವನ್ನು ಅರಿತು ಬಾಳುವುದು, ಲಗೂನಿಗೆ ಎಂದೂ ಇಳಿಯದವರೂ ಸಲ್ಲಿಸಬಹುದಾದ ಸೇವೆ.